ಮೀಟರ್ ನುಂಗಿದ ಎರಡೂವರೆ ಲಕ್ಷ ಕಿಲೋಮೀಟರ್

2025ರ ನವೆಂಬರ್ 10, ಸೋಮವಾರ. ಬೆಳಿಗ್ಗೆ ಒಂಬತ್ತೂಕಾಲಕ್ಕೆ ನಾವುಂದದ ಪದ್ದು ಎಂಬ ಮೀನು ಮಾರುವ ಹೆಂಗಸು ಬೈಂದೂರು ಠಾಣೆಗೆ ಬಂದರು. ವಯಸ್ಸು ಐವತ್ತೆಂಟು. ಕೈಯಲ್ಲಿ ಬರೆದ ಅರ್ಜಿ ಇರಲಿಲ್ಲ. ಹೆಡ್ ಕಾನ್‌ಸ್ಟೆಬಲ್ ಸುಗುಣ ಕುರ್ಚಿ ಎಳೆದುಕೊಟ್ಟರು.

"ಕೂಕಣಿ ಪದ್ದಕ್ಕ."

"ಕೂಕಂಬುಕೆ ಬಂದದ್ದಲ್ಲ. ನನ್ ಮಗ ಸರಸಕ್ಕನ್ನ ಕೊಂದ ಅಂದೇಳಿ ನೀವ್ ಬರ್ಕೊಂಡಿದ್ರಿ. ಅದ್ ಸುಳ್ಳ್. ಅದನ್ ಹೇಳುಕ್ ಬಂದೆ."

ಒಳಗಿನ ಕೋಣೆಯಲ್ಲಿದ್ದ ಇನ್‌ಸ್ಪೆಕ್ಟರ್ ಭೋಜರಾಜ ಕಡತ ತರಿಸಿದರು. ನವೆಂಬರ್ 6ರ ಬೆಳಿಗ್ಗೆ 7.10ಕ್ಕೆ, ನಾವುಂದದಿಂದ ಮೂಡುದಿಕ್ಕಿಗೆ ಹೋಗುವ ರಸ್ತೆಯ ಇಳಿಜಾರಿನಲ್ಲಿ ಬಿಳಿ ಬಣ್ಣದ ಏಳು ಸೀಟಿನ ವ್ಯಾನೊಂದು ಮರಕ್ಕೆ ಗುದ್ದಿತ್ತು. ಮುಂದಿನ ಸೀಟಿನಲ್ಲಿದ್ದ ಸರಸ ಸ್ಥಳದಲ್ಲೇ ತೀರಿಕೊಂಡಿದ್ದರು. ಹಿಂದೆ ಮೀನಿನ ಬುಟ್ಟಿಗಳ ನಡುವೆ ಕೂತಿದ್ದ ಮೂವರು ಹೆಂಗಸರಿಗೆ, ಪದ್ದುವೂ ಸೇರಿ, ಸಣ್ಣಪುಟ್ಟ ಗಾಯವಾಗಿತ್ತು. ಸರಸರ ಮಗಳು ಮೋಕ್ಷಿತಾ ಕೊಟ್ಟ ದೂರಿನಂತೆ ಚಾಲಕ ಅಶೋಕನ ಮೇಲೆ ಭಾರತೀಯ ನ್ಯಾಯ ಸಂಹಿತೆಯ ಕಲಂ 281 ಮತ್ತು 106(1)ರಡಿ, ಅಜಾಗರೂಕ ಚಾಲನೆಯಿಂದ ಸಾವು ಎಂದು, ಎಫ್‌ಐಆರ್ ದಾಖಲಾಗಿತ್ತು. ಅಶೋಕ ಪದ್ದುವಿನ ಮಗ. ಠಾಣೆಯ ಜಾಮೀನಿನ ಮೇಲೆ ಮನೆಯಲ್ಲಿದ್ದ.

"ಇಳಿಜಾರಲ್ಲಿ ಜೋರು ಬಿಟ್ಟಿದ್ದ ಅಂತ ಸಾಕ್ಷಿ ಇತ್ತ್ ಪದ್ದಕ್ಕ," ಎಂದರು ಭೋಜರಾಜ.

"ಜೋರ್ ಬಿಟ್ಟದ್ದಲ್ಲ, ಜೋರ್ ಹೋದದ್. ಅವ ಬ್ರೇಕ್ ಒತ್ತಿದ್ದ. ಕಾಲ್ ನೆಲಕ್ಕೆ ತಾಗುವಷ್ಟ್ ಒತ್ತಿದ್ದ. ನಾನ್ ಹಿಂದೆ ಕೂತಿದ್ದೆ, ಕಂಡಿದ್ದೆ."

"ನೀವು ಹೆತ್ತ ಅಬ್ಬಿ. ನೀವು ಹೇಳಿದ್ದನ್ನು ಕೋರ್ಟ್ ಎಷ್ಟು ನಂಬುತ್ತದೆ?"

"ಹಾಂಗಾರೆ ಗಾಡಿ ಹತ್ರ ಕೇಣಿ."

ಭೋಜರಾಜ ಕಡತ ಮುಚ್ಚಿದರು. "ಗಾಡಿ ಯಾರ ಹತ್ರ ತಗೊಂಡದ್ದು?"

"ಬ್ರಹ್ಮಾವರದಲ್ಲಿ ಸುಜನ್ ಅಂದೇಳಿ ಒಬ್ಬ. ಹಳೇ ಗಾಡಿ ಮಾರ್ತ. ನಾವ್ ಆರ್ ಜನ ಸೇರಿ ತಕಂಡದ್. ಮೀನ್ ಬುಟ್ಟಿ ಕಂಡ್ರೆ ಬಸ್ಸಿನವ ನಿಲ್ಸುದಿಲ್ಲ, ರಿಕ್ಷಾದವ ಮೂಗ್ ಮುಚ್ಚಿಕೊಂತ. ನಮ್ದೇ ಒಂದ್ ಗಾಡಿ ಇರ್ಲಿ ಅಂದವ್ಳೇ ಸರಸಕ್ಕ." ಪದ್ದು ಸೆರಗಿನಿಂದ ಬಾಯಿ ಒರೆಸಿಕೊಂಡರು. "ಬಂಗುಡೆ ಕಿವಿರು ಎತ್ತಿ ನೋಡ್ದೆ ನಾ ಒಂದ್ ದಿನ ಮೀನ್ ತಕಂಡವ್ಳಲ್ಲ. ಗಾಡಿಯ ಕಿವಿರು ಎಲ್ಲಿ ಇರ್ತ್ ಅಂತ ನಂಗೆಂತ ಗೊತ್ತ್? ಅವ ಅರವತ್ತೆರಡ್ ಸಾವಿರ ಓಡಿದ್, ಎರಡ್ ವರ್ಷ ಎಂತ ಕೆಲ್ಸವೂ ಇಲ್ಲ ಅಂದ. ನಂಬ್ದ್ವಿ."

ಹದಿನೆಂಟನೇ ತಾರೀಕು ಸರಸರ ಹದಿಮೂರನೆಯ ದಿನ. ಜೀವಮಾನವಿಡೀ ಒಟ್ಟಿಗೆ ಬುಟ್ಟಿ ಹೊತ್ತವಳ ಮನೆಯ ಕ್ರಿಯೆಗೆ ಪದ್ದು ಹೋಗುವಂತಿರಲಿಲ್ಲ. ಹೆಣದ ಮುಖ ನೋಡಲು ಬಂದ ಅಶೋಕನನ್ನು ಮೋಕ್ಷಿತಾ ಅಂಗಳದಿಂದಲೇ ಹಿಂದಕ್ಕೆ ಕಳಿಸಿದ್ದಳು. ಅಂದಿನಿಂದ ಅವನು ಸರಿಯಾಗಿ ಉಂಡಿರಲಿಲ್ಲ.

ಪದ್ದು ಹೇಳಿದ್ದನ್ನು ಸುಗುಣ ಬರೆದುಕೊಂಡು, ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿಕೊಂಡರು. ಸಮಯ 10.05.

ವ್ಯಾನು ಠಾಣೆಯ ಹಿಂದೆ ನಿಂತಿತ್ತು. ಭೋಜರಾಜ ಚಾಲಕನ ಬಾಗಿಲು ತೆಗೆದು ಮಂಡಿಯೂರಿದರು. ಮೀಟರ್ 66,904 ತೋರಿಸುತ್ತಿತ್ತು. ಬ್ರೇಕ್ ಪೆಡಲಿನ ರಬ್ಬರ್ ಹೊಸತು. ಅದನ್ನು ಕಿತ್ತು ನೋಡಿದರೆ, ಕೆಳಗಿನ ಕಬ್ಬಿಣದ ಅಂಚು ದೇವಸ್ಥಾನದ ಹಳೆಯ ಹೊಸ್ತಿಲಿನ ಹಾಗೆ ಸವೆದು ನುಣುಪಾಗಿತ್ತು. ಸ್ಟಿಯರಿಂಗಿಗೆ ಹೊಸ ಕವರು. ಬಿಚ್ಚಿದರೆ ಒಳಗೆ ಬೋಳು. ಚಾಲಕನ ಸೀಟ್ ಬೆಲ್ಟಿನ ಅಂಚು ನೂಲು ಬಿಟ್ಟಿತ್ತು.

"ಸುಗುಣಕ್ಕ, ಅರವತ್ತಾರು ಸಾವಿರದಲ್ಲಿ ಕಬ್ಬಿಣ ಹೀಗೆ ಸವೆಯುತ್ತದಾ?"

"ನಮ್ಮ ಜೀಪ್ ಎರಡು ಲಕ್ಷ ಓಡಿದ್ದಿತ್ ಸರ್. ಅದರ ಪೆಡಲೂ ಇಷ್ಟು ಸವೆಯಲಿಲ್ಲ."

ಮರುದಿನ ಮಧ್ಯಾಹ್ನ ಮೋಟಾರು ವಾಹನ ನಿರೀಕ್ಷಕರ ವರದಿ ಬಂತು. ಬ್ರೇಕಿನ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರುಗಳು ತೇದು ಹರಿದಿದ್ದವು. ಪೆಡಲು ಒತ್ತಿದರೂ ಒತ್ತಡ ಚಕ್ರಕ್ಕೆ ತಲುಪುತ್ತಿರಲಿಲ್ಲ. ರಬ್ಬರುಗಳು ಬಹುಕಾಲ ಬದಲಾಗಿರಲಿಲ್ಲ.

ಅಶೋಕನನ್ನು ಕರೆಸಿದರು. ಬಲಗಾಲಿಗೆ ಪಟ್ಟಿ, ಕಂಕುಳಲ್ಲಿ ಊರುಗೋಲು; ಕುರ್ಚಿ ಕೊಟ್ಟರೂ ಅವನು ನಿಂತೇ ಉತ್ತರ ಕೊಟ್ಟ.

"ಬ್ರೇಕಿನಲ್ಲಿ ಮೊದಲೇ ತೊಂದರೆ ಗೊತ್ತಾಗಿತ್ತಾ?"

"ಎರಡ್ ದಿನ ಮೊದ್ಲ್ ಪೆಡಲ್ ಸ್ವಲ್ಪ ಮೆತ್ತಗಾಯ್ತ್ ಸರ್. ಸುಜನ್ ಅಣ್ಣಂಗ್ ಫೋನ್ ಮಾಡ್ದೆ. ಗ್ಯಾರೇಜಿಗೆ ಬಿಡ್ತೆ, ಬಿಚ್ಚಿ ಕಾಂತೆ ಅಂದೆ."

"ಏನಂದ?"

"ಅರವತ್ತಾರ್ ಸಾವಿರಕ್ಕೆ ಬ್ರೇಕ್ ಬಿಚ್ಚುವವ ಹುಚ್ಚ ಮಾರಾಯ, ಆಯಿಲ್ ಹಾಕಿ ಓಡ್ಸ್ ಅಂದ. ಹಾಕ್ದೆ." ಅವನು ನೆಲ ನೋಡಿದ. "ಅವನ ಮಾತ್ ಕೇಣದೆ ನಾ ಬಿಚ್ಚಿಸ್ಕಿತ್ತ್ ಸರ್."

ಫೋನ್ ಕರೆಯ ವಿವರ ತರಿಸಲಾಯಿತು. ನವೆಂಬರ್ 4, ಸಂಜೆ 5.42. ಮಾತಾಡಿದ್ದು ಮೂರು ನಿಮಿಷ.

12ರಂದು ಭೋಜರಾಜ ಬ್ರಹ್ಮಾವರಕ್ಕೆ ಹೋದರು. ಹೆದ್ದಾರಿಯ ಪಕ್ಕದ ಅಂಗಳದಲ್ಲಿ ಹದಿನಾಲ್ಕು ಕಾರುಗಳು ತೊಳೆದು ಹೊಳೆಯುತ್ತ ನಿಂತಿದ್ದವು. ಭೋಜರಾಜ ಸಾಲಾಗಿ ಎಲ್ಲ ಮೀಟರುಗಳನ್ನೂ ನೋಡುತ್ತ ಬಂದರು. ಒಂದೂ ಎಪ್ಪತ್ತು ಸಾವಿರ ದಾಟಿರಲಿಲ್ಲ. ಸುಜನ್ ನಲವತ್ತರ ಪ್ರಾಯದವನು, ಹಣೆಯಲ್ಲಿ ಗಂಧ. ಸೋಡಾ ತರಿಸಿದ. ಭೋಜರಾಜ ಮುಟ್ಟಲಿಲ್ಲ.

"ಈ ಊರಿನ ಜನ ಕಾರು ಕೊಂಡು ಮನೆಯಲ್ಲೇ ಇಡುತ್ತಾರೋ ಹೇಗೆ?"

"ಒಳ್ಳೇ ಗಾಡಿ ಮಾತ್ರ ತಕಂತೆ ಸರ್."

"ಆ ವ್ಯಾನು?"

"ಅದು ಪಾಪ, ಬೇಜಾರಿನ ಸಂಗತಿ. ಆದ್ರೆ ಸರ್, ಆ ಹೆಂಗ್ಸ್ರು ಮೀನ್ ತುಂಬ್ತಿದ್ರಲ್ಲ. ಮೂರ್ ತಿಂಗ್ಳು ಉಪ್ಪುನೀರು ಸೋರಿ ಬ್ರೇಕ್ ತುಕ್ಕು ಹಿಡಿದಿತ್ತ್. ಅವರಿಗೆಂತ ಗೊತ್ತಾತ್ತ್ ಗಾಡಿ ಇಟ್ಕೊಂಬುದು?"

"ರಬ್ಬರಿಗೆ ತುಕ್ಕು ಹಿಡಿಯುತ್ತದಾ ಸುಜನ್?"

ಸುಜನ್ ಸೋಡಾವನ್ನು ಇನ್ನಷ್ಟು ಮುಂದೆ ತಳ್ಳಿದ. ಮೂರು ಗಂಟೆ ರಾತ್ರಿಗೆ ಎದ್ದು ಬಂದರಿನಲ್ಲಿ ನಿಂತು ದುಡಿದು ಬದುಕುವ ಹೆಂಗಸರ ಮೇಲೆ, ಅವರಲ್ಲೊಬ್ಬಳು ಸತ್ತ ಏಳನೆಯ ದಿನ, ಅವಳು ಹೊತ್ತ ಮೀನಿನ ಹೆಸರಲ್ಲೇ ಅಪರಾಧ ಹೊರಿಸಲು ಅವನ ನಾಲಿಗೆ ತೊದಲಿರಲಿಲ್ಲ.

ಆರ್‌ಸಿ ದಾಖಲೆಯಂತೆ ವ್ಯಾನಿನ ಹಿಂದಿನ ಒಡೆಯ ಯಡ್ತರೆಯ ಸೂರ. 13ರ ಬೆಳಿಗ್ಗೆ ಅವರು ಬೈಂದೂರು ರೈಲು ನಿಲ್ದಾಣದ ಹೊರಗೆ ತಮ್ಮ ಈಗಿನ ಟ್ಯಾಕ್ಸಿಗೆ ಒರಗಿ ಸಿಕ್ಕಿದರು. ಅರವತ್ತು ದಾಟಿದ ಮನುಷ್ಯ. ಹನ್ನೊಂದು ವರ್ಷ ಆ ವ್ಯಾನಿನಲ್ಲಿ ಯಾತ್ರಿಕರನ್ನು ಕೊಲ್ಲೂರಿಗೆ ಕರೆದೊಯ್ದವರು.

"ಮಾರುವಾಗ ಎಷ್ಟು ಓಡಿತ್ತು?"

"ಮೂರ್ ಲಕ್ಷದ ಎಂಟ್ ಸಾವಿರದ ನಾನೂರ ಇಪ್ಪತ್ತ್."

"ಅಷ್ಟು ಸರಿಯಾಗಿ ಹೇಗೆ ನೆನಪು?"

"ಪುಸ್ತಕದಲ್ಲಿ ಬರ್ದಿದ್ದೆ. ಆಯಿಲ್, ಬೆಲ್ಟ್, ಬ್ರೇಕ್, ಯಾವ್ದ್ ಯಾವಾಗ ಹಾಕ್ಸಿದ್ದ್, ಮುಂದೆ ಯಾವಾಗ ಹಾಕ್ಸ್ಕ್, ಎಲ್ಲ. ಆಯುಧಪೂಜೆ ದಿನ ಆ ಪುಸ್ತಕಕ್ಕೂ ಕುಂಕುಮ ಹಚ್ಚಿ ಗಾಡಿ ಒಳ್ಗೆ ಇಡುದ್. ಗಾಡಿ ಕೊಡುವತ್ತಿಗೆ ಕೀ ಒಟ್ಟಿಗೆ ಪುಸ್ತಕವನ್ನೂ ಕೊಟ್ಟೆ. ತಕಂಡವ್ರಿಗೆ ಕೊಡ್ ಅಂದೇಳಿ ಮೂರ್ ಸಲ ಹೇಳಿದ್ದೆ."

"ಮೀಟರ್ ಈಗ ಅರವತ್ತಾರು ಸಾವಿರ ತೋರಿಸುತ್ತಿದೆ."

ಸೂರ ನಕ್ಕರು. "ಗಾಡಿಗ್ ಪ್ರಾಯ ಕಮ್ಮಿ ಮಾಡಿದ್ನಾ? ನಂಗೂ ಒಂದ್ ಇಪ್ಪತ್ತ್ ವರ್ಷ ಕಮ್ಮಿ ಮಾಡ್ಸಿಕೊಡಿ ಸರ್." ವ್ಯಾನಿನ ಬ್ರೇಕ್ ನಿಲ್ಲದೆ ಒಬ್ಬರು ಸತ್ತರೆಂದು ಭೋಜರಾಜ ಹೇಳಿದಾಗ ಅವರ ನಗು ನಿಂತಿತು. ಟ್ಯಾಕ್ಸಿಯ ಬಾಗಿಲು ತೆರೆದು ಒಳಗೆ ಕೂತರು.

"ಬ್ರೇಕಿನ ರಬ್ಬರ್ ಕಿಟ್ ಮೂರ್ ಲಕ್ಷದ ಹತ್ ಸಾವಿರಕ್ಕೆ ಹಾಕ್ಸ್ಕ್ ಅಂದೇಳಿ ಕೆಂಪು ಶಾಯಿಯಲ್ಲಿ ಬರ್ದಿದ್ದೆ ಸರ್. ಸಣ್ಣ ಕೆಲ್ಸ. ಅರ್ಧ ದಿನದ್ದ್." ಸ್ಟಿಯರಿಂಗ್ ಮೇಲೆ ಕೈಯಿಟ್ಟು, "ಅದ್ ಕೆಟ್ಟ ಗಾಡಿ ಅಲ್ಲ ಸರ್. ಅದ್ರ ಲೆಕ್ಕ ಗೊತ್ತಿದ್ರೆ ಇನ್ನೂ ಒಂದ್ ಲಕ್ಷ ಓಡ್ತಿತ್ತ್," ಎಂದರು.

ಭೋಜರಾಜ ಜೀಪಿನಲ್ಲಿ ಕೂತು ಲೆಕ್ಕ ಹಾಕಿದರು. ಮಾರುವಾಗ ಮೀಟರ್ 62,310 ತೋರಿಸಿತ್ತೆಂದು ಸುಜನ್ ಪದ್ದುವಿಗೆ ಕೊಟ್ಟ ಮಾರಾಟದ ಚೀಟಿಯಲ್ಲಿತ್ತು. ಆ ಮೇಲೆ ಓಡಿದ್ದು ನಾಲ್ಕು ಸಾವಿರದ ಐನೂರು ಚಿಲ್ಲರೆ. ಅಂದರೆ ನಿಜವಾದ ಲೆಕ್ಕ ಮೂರು ಲಕ್ಷದ ಹದಿಮೂರು ಸಾವಿರ. ಬ್ರೇಕಿನ ಗಡುವು ಮುಗಿದು ಮೂರು ಸಾವಿರ ಕಿಲೋಮೀಟರ್ ಆಗಿತ್ತು. ಸೂರರನ್ನು ಬಿಟ್ಟರೆ ಆ ಗಡುವು ಗೊತ್ತಿದ್ದವನು ಸುಜನ್ ಒಬ್ಬನೇ. ಅಶೋಕ ಫೋನಿನಲ್ಲಿ ಕೇಳಿದ್ದು ಅವನನ್ನೇ.

15ರ ಬೆಳಿಗ್ಗೆ 11 ಗಂಟೆಗೆ ನ್ಯಾಯಾಲಯದ ಶೋಧನಾ ವಾರಂಟಿನೊಂದಿಗೆ, ಇಬ್ಬರು ಪಂಚರ ಸಮಕ್ಷಮ, ಸುಜನ್‌ನ ಕಚೇರಿಯ ಶೋಧ ನಡೆಯಿತು. ಮೇಜಿನಲ್ಲಿ ಏನೂ ಇರಲಿಲ್ಲ. ಕಪಾಟಿನಲ್ಲಿ ಖಾಲಿ ಕಡತಗಳು.

"ಪುಸ್ತಕ ಎಲ್ಲಿ?" ಭೋಜರಾಜ ಕೇಳಿದರು.

"ಯಾವ ಪುಸ್ತಕ ಸರ್? ಅಂಥದ್ದೆಲ್ಲ ರದ್ದಿಗೆ ಹೋತ್ತ್."

ಸುಗುಣ ಗೋಡೆಯ ಮೇಲಿನ ದೇವರ ಪೀಠದ ಎದುರು ನಿಂತಿದ್ದರು. ದೇವಿಯ ಪಟ, ಆರಿದ ದೀಪ, ಬೆಳಗಿನ ದಾಸವಾಳ. ಚಪ್ಪಲಿ ಬಿಟ್ಟು, ಕೈಮುಗಿದು, ಪಟದ ಹಿಂದಕ್ಕೆ ಕೈ ಹಾಕಿದರು. ಒಂದು ಉದ್ದ ಪುಸ್ತಕ ಬಂತು. ಕೆಳಗೆ ಇನ್ನೊಂದು. ಒಟ್ಟು ಒಂಬತ್ತು. ಎಲ್ಲದರ ಮೊದಲ ಪುಟದಲ್ಲೂ ಒಂದಲ್ಲ ಒಂದು ದೇವರ ಹೆಸರು, ಅರಿಸಿನ ಕುಂಕುಮದ ಕಲೆ. ಮೇಲಿನದರಲ್ಲಿ 'ಶ್ರೀ ಮೂಕಾಂಬಿಕಾ ಪ್ರಸನ್ನ' ಎಂದಿತ್ತು. ಕೊನೆಯ ಪುಟದಲ್ಲಿ ಸೂರರ ಕೆಂಪು ಶಾಯಿ.

"ಇದನ್ನು ಯಾಕೆ ಸುಡಲಿಲ್ಲ?"

ಸುಜನ್‌ನ ಗಂಧದ ಮೇಲೆ ಬೆವರು ಮೂಡಿತ್ತು. "ದೇವ್ರ ಹೆಸ್ರಿತ್ತಲ್ಲ ಸರ್. ಸುಟ್ರೆ ದೋಷ ಬತ್ತ್."

ಕಾಗದದ ಮೇಲಿನ ದೇವರಿಗೆ ಅವನು ಹೆದರಿದ್ದ. ಆ ಕಾಗದದಲ್ಲಿ ಬರೆದದ್ದನ್ನು ಮುಚ್ಚಿಟ್ಟು, ಆರು ಹೆಂಗಸರನ್ನು ಬ್ರೇಕಿಲ್ಲದ ಗಾಡಿಗೆ ಹತ್ತಿಸಲು ಹೆದರಿರಲಿಲ್ಲ. ಬೆಳಿಗ್ಗೆ ಬೆಳಿಗ್ಗೆ ಆ ಪೀಠಕ್ಕೆ ಹೂವಿಟ್ಟು ಕೈಮುಗಿಯುವಾಗ ಪಟದ ಹಿಂದೆ ಏನಿದೆಯೆಂದು ತಾಯಿಗೆ ಕಾಣುವುದಿಲ್ಲವೆಂದು ಅವನು ತಿಳಿದಿದ್ದನೇ? ಪಂಚರಲ್ಲಿ ಹಿರಿಯರಾದ ಮುತ್ತ ಎಂಬವರು ಸಹಿ ಹಾಕುವ ಮೊದಲು ಪುಸ್ತಕವನ್ನು ಕಣ್ಣಿಗೊತ್ತಿಕೊಂಡರು. "ಹ್ವಾಯ್, ನೀನ್ ಪೂಜೆ ಮಾಡಿದ್ದ್ ಯಾರಿಗೆ?" ಎಂದು ಕೇಳಿದರು.

ಪಂಚನಾಮೆ ಮುಗಿದಾಗ 1.20. ವಂಚನೆ ಮತ್ತು ನಿರ್ಲಕ್ಷ್ಯದ ಸಾವಿನ ಕಲಂ 318(4), 106(1)ರಡಿ ಸುಜನ್‌ನನ್ನು ದಸ್ತಗಿರಿ ಮಾಡಲಾಯಿತು. ಲ್ಯಾಪ್‌ಟಾಪ್ ತಂದು ಮೀಟರ್ ಇಳಿಸಿಕೊಡುತ್ತಿದ್ದ ಕುಂದಾಪುರದ ರೋಹನ್ ಅಂದೇ ಸಂಜೆ ಸಿಕ್ಕಿಬಿದ್ದ. ಉಳಿದ ಎಂಟು ಪುಸ್ತಕಗಳ ಗಾಡಿಗಳನ್ನು ಕೊಂಡವರಿಗೆ ಸುಗುಣ ಒಬ್ಬೊಬ್ಬರಿಗೇ ಫೋನ್ ಮಾಡಿ, ಗಾಡಿ ಇದ್ದಲ್ಲೇ ನಿಲ್ಲಿಸಲು ಹೇಳಿದರು. ಅಶೋಕನ ಮೇಲಿನ ಪ್ರಕರಣ ಕೈಬಿಡುವಂತೆ ನ್ಯಾಯಾಲಯಕ್ಕೆ ವರದಿ ಹೋಯಿತು.

16ರಂದು ಮೋಕ್ಷಿತಾ ಠಾಣೆಗೆ ಬಂದಳು. ಭೋಜರಾಜ ವಾಹನ ನಿರೀಕ್ಷಕರ ವರದಿಯನ್ನು ಅವಳ ಮುಂದಿಟ್ಟರು. ಅವಳು ಎರಡು ಸಲ ಓದಿದಳು.

"ಹಾಂಗಾರೆ ಅಶೋಕಣ್ಣ ಒತ್ತಿದ್ದ."

"ಒತ್ತಿದ್ದ. ಗುದ್ದಿದಾಗಲೂ ಕಾಲು ಪೆಡಲಿನ ಮೇಲೇ ಇತ್ತು. ಹಿಮ್ಮಡಿಯ ಎಲುಬು ಮುರಿದದ್ದು ಅದಕ್ಕೇ."

ಅವಳು ಠಾಣೆಯಿಂದ ಸೀದಾ ಪದ್ದುವಿನ ಮನೆಗೆ ಹೋಗಿ, ಹದಿಮೂರಕ್ಕೆ ತಾಯಿ ಮಗ ಇಬ್ಬರೂ ಬರಬೇಕೆಂದು ಹೇಳಿ ಬಂದಳೆಂದು ಸುಗುಣ ಮರುದಿನ ತಿಳಿಸಿದರು.

ಸುಜನ್ ಕೊಟ್ಟ ಹೇಳಿಕೆ ನಾಲ್ಕು ಪುಟವಿದೆ. ಏಳು ವರ್ಷದ ಹಿಂದೆ ಅಂಗಡಿ ತೆರೆದಾಗ ಅವನು ಮೀಟರ್ ಮುಟ್ಟುತ್ತಿರಲಿಲ್ಲ. ಎರಡು ಲಕ್ಷ ಓಡಿದ ಗಾಡಿಯನ್ನು ಎರಡು ಲಕ್ಷವೆಂದೇ ಹೇಳುತ್ತಿದ್ದ. ಬಂದವರು ಮೀಟರಿನ ಮೇಲೆ ಕಣ್ಣು ಹಾಯಿಸಿ, ನಕ್ಕು, ಪಕ್ಕದ ಅಂಗಡಿಗೆ ಹೋಗುತ್ತಿದ್ದರು. ಎಂಟು ತಿಂಗಳು ಹಾಗೆ ಕಳೆಯಿತು. ಒಂದು ದಿನ ಒಂದು ಕಾರಿನ ಮೀಟರನ್ನು ಇಳಿಸಿದ. ಸಂಜೆಯೊಳಗೆ ಅದು ಮಾರಾಟವಾಯಿತು. ಆ ಮೇಲೆ ಯಾವ ಗಾಡಿ ಬಂದರೂ ಮೊದಲು ತೊಳೆಯುವುದು, ಆಮೇಲೆ ಮೀಟರ್ ಇಳಿಸುವುದು ಎಂದಾಗಿಹೋಯಿತು.

ಹೇಳಿಕೆಯ ಕೊನೆಗೆ ಭೋಜರಾಜ ಒಂದು ಪ್ರಶ್ನೆ ಕೇಳಿದ್ದರು. ಆ ಹೆಂಗಸರು ಅಂಗಡಿಗೆ ಬಂದ ದಿನ, ಗಾಡಿ ಎಷ್ಟು ಓಡಿದೆ ಎಂದು ಕೇಳಿದ್ದರೇ?

ಸುಜನ್ ಬಹಳ ಹೊತ್ತು ಯೋಚಿಸಿದ. ಇಲ್ಲ, ಎಂದ. ಅದು ತಾನಾಗಿಯೇ ಹೇಳಿದ್ದು. ಅವರ ಪೈಕಿ ಸರಸ ಎಂಬಾಕೆ ಕೇಳಿದ್ದು ಒಂದೇ ಮಾತು: ಇದರಲ್ಲಿ ಮೀನಿನ ಬುಟ್ಟಿ ಇಟ್ಟರೆ ನಿಮಗೆ ಬೇಸರವಿಲ್ಲವಲ್ಲ?

ಸುಗುಣ ಅದನ್ನೂ ಬರೆದುಕೊಂಡು, ಓದಿ ಹೇಳಿ, ಸಹಿ ಹಾಕಿಸಿದರು.