ಚಾವಣಿಗೆ ಮರ ತಂದವನು

"ನಿನ್ನ ಸಾಗು ರೊಟ್ಟಿ ಕಚ್ಚಿ ಒಂದು ಹಲ್ಲೇ ಹೋಯ್ತು ಕಣೇ. ಈಗ ನನ್ನ ಯಾರು ಮದುವೆ ಆಗ್ತಾರೆ?"

ಅಂಬೋನ್ ಪೇಟೆಯಲ್ಲಿ ಸಾಗು ಮರದ ಹಿಟ್ಟಿನ ಗಟ್ಟಿ ಒಣರೊಟ್ಟಿ ಮಾರುತ್ತಿದ್ದ ನನ್ನನ್ನು ಜಾಫರ್ ಮೊದಲು ಮಾತಾಡಿಸಿದ್ದು ಹೀಗೆ. ಹಲ್ಲೆಲ್ಲ ನೆಟ್ಟಗೇ ಇದ್ದವು. ಅದನ್ನು ತೋರಿಸಲೆಂದೇ ನಕ್ಕಿದ್ದ.

"ಕಾಫಿಲಿ ಅದ್ದಿ ತಿನ್ಬೇಕು, ಪೆದ್ದ" ಅಂದೆ.

ಮರುದಿನ ಲೋಟದ ತುಂಬ ಕಾಫಿ ಹಿಡಿದು ಬಂದ. ತುಳುಕದಿರಲೆಂದು ಅವನು ನಡೆದ ರೀತಿಗೆ ಇಡೀ ಪೇಟೆ ನಕ್ಕಿತು. ನಾನು ಅಂದೇ ಸೋತೆ.

ವರ್ಷದೊಳಗೆ ಮದುವೆಯ ಮಾತು. ಅವನು ನಮಾಜು ಬಿಡುವುದಿಲ್ಲ, ನಾನು ಚರ್ಚು ಬಿಡುವುದಿಲ್ಲ. ಡಚ್ಚರ ಕಚೇರಿಯಲ್ಲಿ ಸಹಿ ಹಾಕಿದರೆ ಹಾಗೆಯೂ ಮದುವೆ ಆಗುತ್ತಿತ್ತು. ಪಾದ್ರಿ ಸಿಡುಕಿದರು, ಅಮ್ಮ ಊಟ ಬಿಟ್ಟಳು, ಕೊನೆಗೆ ಇಬ್ಬರೂ ಒಪ್ಪಿದರು. ಗೆದ್ದೆವು ಅಂದುಕೊಂಡೆ.

ಆ ವಾರವೇ ನಮ್ಮೂರ ಚರ್ಚಿನ ಹೊಸ ಚಾವಣಿಗೆ ಮರ ಹೊತ್ತು ಹಾತುಲಾದ ದೋಣಿಗಳು ಬಂದವು. ಹಾತುಲಾ ಮುಸ್ಲಿಮರ ಊರು, ನಮ್ಮ ಪೆಲಾ. ಮುತ್ತಜ್ಜಂದಿರ ಕಾಲದಲ್ಲಿ ಎರಡೂ ಊರಿನವರು ಒಂದೇ ಬಟ್ಟಲಲ್ಲಿ ರಕ್ತ ಬೆರೆಸಿ ಕುಡಿದು ಒಡಹುಟ್ಟಿದವರಾಗಿದ್ದರು. ಅವರ ಮಸೀದಿಗೆ ನಾವು ಕಲ್ಲು ಹೊರುತ್ತೇವೆ, ನಮ್ಮ ಚರ್ಚಿಗೆ ಅವರು ಮರ ತರುತ್ತಾರೆ. ಪೆಲಾದವರ ನಡುವೆ ಮದುವೆ ಮಾತ್ರ ಇಲ್ಲ.

ಮೂರನೇ ದೋಣಿಯಿಂದ ತೊಲೆ ಹೊತ್ತು ಇಳಿದವನು ಜಾಫರ್.

"ನೀನ್ಯಾಕೆ ಇವರ ಜೊತೆ?"

"ನಾನು ಬೆಳೆದದ್ದು ಅಮ್ಮನ ಊರಲ್ಲಿ, ಮಿನಾ. ಅಪ್ಪ ನಾನು ಹುಟ್ಟೋ ಮುಂಚೆನೇ ತೀರ್ಕೊಂಡ್ರು. ಮದುವೆ ಸುದ್ದಿ ಹೇಳೋಣ ಅಂತ ಅವರ ಕಡೆಯವರನ್ನ ಹುಡುಕ್ಕೊಂಡು ಹೋದ್ರೆ, ಅವರು ಹಾತುಲಾದವರು. ನಿಮ್ಮೂರಿನ ಹೆಸರು ಕೇಳಿ ದೊಡ್ಡಪ್ಪ ಅತ್ತುಬಿಟ್ರು."

"ಕಚೇರೀಲಿ ಇದನ್ನೆಲ್ಲ ಯಾರು ಕೇಳ್ತಾರೆ? ಸಹಿ ಹಾಕಿಬಿಡೋಣ."

"ಅವರು ಕೇಳಲ್ಲ. ನಿನ್ನ ಮುಟ್ಟಿದಾಗೆಲ್ಲ ನಂಗೆ ನೆನಪಾಗುತ್ತಲ್ಲ."

ನನಗೂ ಆಗುತ್ತಿತ್ತು. ಅದಕ್ಕೇ ಅವನ ಮೇಲೆ ಅಷ್ಟು ಸಿಟ್ಟು ಬಂತು.

ಏಳು ದಿನ ಅವನು ಚಾವಣಿಯ ಮೇಲೆ, ನಾನು ಕೆಳಗೆ ಒಲೆಯ ಮುಂದೆ. ಕೆಲಸ ಮುಗಿದ ದಿನ ಪದ್ಧತಿಯಂತೆ ಊರಿನ ಹಿರಿಯರಾದ ನನ್ನಜ್ಜ ಬಂದವರನ್ನು ಒಬ್ಬೊಬ್ಬರಾಗಿ ಕೇಳುತ್ತ ಅವನೆದುರು ನಿಂತರು. ಅಜ್ಜನಿಗೆ ಎಲ್ಲ ತಿಳಿದಿತ್ತು.

"ಏನು ಬೇಕೋ ಕೇಳಪ್ಪ. ಪೆಲಾದವರು ಕೇಳಿದ್ದಕ್ಕೆ ನಾವು ಇಲ್ಲ ಅನ್ನೋ ಹಾಗಿಲ್ಲ."

ಜಾಫರ್ ನನ್ನನ್ನೇ ನೋಡಿದ. ಕೇಳಲಿ ಅಂತಲೂ, ಕೇಳದಿರಲಿ ಅಂತಲೂ ಒಂದೇ ಉಸಿರಲ್ಲಿ ಬೇಡಿಕೊಂಡೆ.

"ಒಂದು ತೆಂಗಿನಕಾಯಿ ಸಾಕು, ಅಜ್ಜ."

ಇದ್ದುದರಲ್ಲಿ ದೊಡ್ಡದನ್ನು ಆರಿಸಿ ನಾನೇ ತಂದು ಕೈಗಿಟ್ಟೆ.

"ಹೋಗಿ ಬಾ, ಅಣ್ಣ" ಅಂದೆ.