ಮೂರನೆಯ ನಿಂಬೆಹೋಳು

ಪ್ರಾರ್ಥನಾಮಂದಿರದ ನೆಲದ ತುಂಬ ಚೀಟಿಗಳು ಚೆಲ್ಲಾಡಿದ್ದವು. ಕೋರಿಕೆ ಪೆಟ್ಟಿಗೆಯ ಮುಚ್ಚಳವನ್ನು ಯಾರೋ ಕಿತ್ತು ಬೆಂಚಿನ ಕೆಳಗೆ ಎಸೆದಿದ್ದರು.

ಬೂದಿ ಬುಧವಾರ, ಕ್ರೈಸ್ತರು ಹಣೆಗೆ ಬೂದಿ ಹಚ್ಚಿಸಿಕೊಂಡು ಉಪವಾಸ ಹಿಡಿಯುವ ದಿನ. ಮಧ್ಯಾಹ್ನ ಒಂದೂ ಹತ್ತು. ಮೊದಲು ಕಂಡವಳು ಕಾಲೇಜಿನ ಕ್ಯಾಂಟೀನ್ ನಡೆಸುವ ವಿನಿಫ್ರೆಡ್ ಹೆಸ್ಕೆತ್.

"ಯಾವ ಅಯೋಗ್ಯರ ಕೆಲಸ ಇದು?" ಎಂದು ಖಾಲಿ ಮಂದಿರದಲ್ಲೇ ಗದರಿದಳು. ಎದುರಿಗೆ ಶಿಲುಬೆ ಕಂಡಿತು. "ಕ್ಷಮಿಸಪ್ಪ" ಎಂದಳು.

ಸಿಟ್ಟಿಗೆ ಕಾರಣವಿತ್ತು. ಯಾರಿಗೂ ಹೇಳಲಾಗದ್ದನ್ನು ಮಕ್ಕಳು ಬರೆದು ಆ ಪೆಟ್ಟಿಗೆಗೆ ಹಾಕುತ್ತಿದ್ದರು. ಹೆಸರು ಬರೆಯಬೇಕಿಲ್ಲ. ಯಾರೂ ಓದುವುದಿಲ್ಲ. ಈಸ್ಟರಿನ ಹಿಂದಿನ ಸಂಜೆ ಹೊತ್ತಿಸುವ ಬೆಂಕಿಗೆ ಅಷ್ಟನ್ನೂ ಮಡಿಕೆ ಬಿಚ್ಚದೆ ಹಾಕುತ್ತಾರೆ. ಬೀಗದ ಕೈ ಚರ್ಚಿನ ಫಾದರ್ ಕಲ್‌ಶಾ ಹತ್ತಿರ ಮಾತ್ರ. ಹದಿನಾರು ಹದಿನೇಳರ ಆರುನೂರು ಮಕ್ಕಳು ಈ ಮಾತನ್ನು ನಂಬಿದ್ದರು.

ವಿನಿ ಮುಚ್ಚಳ ತಿರುಗಿಸಿದಳು. ಒಳಮೈಯಲ್ಲಿ ಒಂದು ಹೆಬ್ಬೆರಳಿನ ಗುರುತು. ಕಾಡಿಗೆಯಷ್ಟು ಕಪ್ಪು, ದಟ್ಟ.

*  *  *

ಉಪಪ್ರಾಂಶುಪಾಲ ಜೆರಾರ್ಡ್ ಎಂಟ್‌ವಿಸಲ್‌ಗೆ ಕಳ್ಳರನ್ನು ಹಿಡಿಯಲು ಹತ್ತು ನಿಮಿಷ ಸಾಕಾಯಿತು.

"ಕಿಂಗಾ ವಿಲ್ಚೆಕ್. ಹನ್ನೆರಡೂ ಐವತ್ತಕ್ಕೆ ಅಲ್ಲಿಂದ ಓಡಿ ಬರೋದನ್ನ ನಾನೇ ನೋಡಿದೀನಿ. ಪೂಜೆಗೂ ಬಂದಿರಲಿಲ್ಲ. ದಿನಾ ಲೇಟು. ಕೊನೇ ಎಚ್ಚರಿಕೆ ಕೊಟ್ಟಾಗಿದೆ. ಮೂರು ಗಂಟೆಗೆ ಕಾಲೇಜಿಂದ ತೆಗೆದ ಪತ್ರ ಅವಳ ಕೈಗೆ."

"ಮೇ ತಿಂಗಳಲ್ಲಿ ಪರೀಕ್ಷೆ ಕಣ್ರೀ. ಎರಡು ವರ್ಷ ಓದಿದ್ದು ನೀರಲ್ಲಿ ಹೋಮ ಆಗತ್ತೆ."

"ಅದನ್ನ ಅವಳು ಯೋಚಿಸಬೇಕಿತ್ತು. ನೀನು ಸೂಪ್ ನೋಡ್ಕೋ ವಿನಿ."

ಹಾಗಂದದ್ದು ತಪ್ಪಾಯಿತು. ವಿನಿ ಏಪ್ರನ್ ಬಿಚ್ಚಿ ಮೊಳೆಗೆ ನೇತುಹಾಕಿದಳು.

*  *  *

ಕಿಂಗಾ ಆಫೀಸಿನ ಹೊರಗಿನ ಕುರ್ಚಿಯಲ್ಲಿ ಕೂತಿದ್ದಳು. ಪೋಲೆಂಡಿನಿಂದ ಬಂದವರ ಮಗಳು. ಹದಿನೇಳು ವರ್ಷ. ಕಣ್ಣ ಕೆಳಗೆ ನಲವತ್ತರ ಕಪ್ಪು.

"ಒಡೆದಿದ್ದು ನೀನಾ?"

"ಅಲ್ಲ ಮಿಸ್. ನಾನು ಹೋದಾಗ್ಲೇ ಒಡೆದಿತ್ತು."

"ಮತ್ತೆ ಬಂದು ಹೇಳಕ್ಕೇನಾಗಿತ್ತು ನಿಂಗೆ? ಬಾಯಿ ಬಿದ್ದುಹೋಗಿತ್ತಾ?"

"ನನ್ನ ಚೀಟಿ ಹುಡುಕಿದೆ. ಸಿಗ್ಲಿಲ್ಲ. ಹೇಳಿದ್ರೆ ಅದ್ರಲ್ಲೇನಿತ್ತು ಅಂತ ಕೇಳ್ತಾರೆ."

"ಕೈ ತೋರ್ಸು."

ಹುಡುಗಿ ಎರಡೂ ಕೈ ಚಾಚಿದಳು. ಚರ್ಮ ಒಡೆದಿತ್ತು, ಸೋಪಿನ ವಾಸನೆ ಹೊಡೆಯುತ್ತಿತ್ತು. ಹಣೆಯ ಮೇಲೆ ಬೂದಿಯ ಗುರುತಿಲ್ಲ. ವಿನಿಯ ತಲೆಯಲ್ಲಿ ಏನೋ ಹೊಳೆಯಿತು. ನೆಟ್ಟಗೆ ಅಡುಗೆಮನೆಗೆ ನಡೆದಳು.

ಬೂದಿ ಹಚ್ಚುವವರ ಹೆಬ್ಬೆರಳು ಮಸಿ ಹಿಡಿಯುತ್ತದೆ. ಬರೀ ಸೋಪಿಗೆ ಬಿಡುವುದಿಲ್ಲ, ನಿಂಬೆ ಬೇಕು. ಹಿಂದಿನ ದಿನ ಪ್ಯಾನ್‌ಕೇಕಿಗೆ ತಂದು ಉಳಿದ ನಿಂಬೆಯಲ್ಲಿ ಮೂರು ಹೋಳನ್ನು ವಿನಿಯೇ ತಟ್ಟೆಯಲ್ಲಿಟ್ಟು ಪೂಜೆ ನಡೆದ ಸಭಾಂಗಣಕ್ಕೆ ಕಳಿಸಿದ್ದಳು. ಹಚ್ಚಿದವರು ಮೂವರು: ಫಾದರ್ ಕಲ್‌ಶಾ, ಎಂಟ್‌ವಿಸಲ್, ಮಕ್ಕಳ ಕಷ್ಟಸುಖ ಕೇಳುವ ಮಾರ್ಗದರ್ಶಕಿ ಸೆಸಿಲಿ ಓರೆಲ್.

ವಾಪಸು ಬಂದ ತಟ್ಟೆ ಸಿಂಕಿನ ಪಕ್ಕದಲ್ಲೇ ಇತ್ತು. ಎರಡು ಹೋಳು ಕಪ್ಪು. ಮೂರನೆಯದು ಕತ್ತರಿಸಿದ ಹಾಗೇ ಇತ್ತು.

*  *  *

ಎಂಟ್‌ವಿಸಲ್ಲೇ ಇರಬೇಕು. ವಿನಿಗೆ ಆಸೆಯೂ ಅದೇ ಆಗಿತ್ತು. ಅವನ ಬಿಳಿ ಅಂಗಿಯ ತೋಳಿನ ತುದಿಯಲ್ಲಿ ಮಸಿ ಇತ್ತಲ್ಲ?

ಫಾದರ್ ಕಲ್‌ಶಾ ಕಾರಿನ ಬಾಗಿಲು ತೆಗೆಯುತ್ತಿದ್ದರು.

"ಫಾದರ್, ಜೆರಾರ್ಡ್ ಕೈ ತೊಳ್ಕೊಂಡ್ರಾ?"

"ನನ್ನ ಪಕ್ಕದಲ್ಲೇ ತೊಳ್ಕೊಂಡ. ಆಮೇಲೆ ಒಂದು ಗಂಟೆಗೆ ಹತ್ತು ನಿಮಿಷ ಇರೋ ತನಕ ಪಾರ್ಕಿಂಗ್ ವಿಷಯ ಮಾತಾಡಿ ನನ್ನ ತಲೆ ತಿಂದ. ಉಪವಾಸದ ದಿನ ಅವನಿಗೆ ಅದೇ ಊಟ."

"ಸೆಸಿಲಿ?"

ಫಾದರ್ ನಗು ನಿಲ್ಲಿಸಿದರು. "ಫೋನು ಬಂತು ಅಂತ ಹಾಗೇ ಹೊರಟುಹೋದಳು."

ವಿನಿ ಈ ಉತ್ತರ ಬಯಸಿರಲಿಲ್ಲ. ಸೆಸಿಲಿ ಒಳ್ಳೆಯವಳು.

*  *  *

ಮೂರು ಗಂಟೆ. ಎಂಟ್‌ವಿಸಲ್‌ನ ಕೋಣೆ. ಮೇಜಿನ ಮೇಲೆ ಪತ್ರ. ಎದುರಿಗೆ ಕಿಂಗಾ. ಪಕ್ಕದಲ್ಲಿ ಸೆಸಿಲಿ ಓರೆಲ್, ಬಲಗೈ ಸ್ವೆಟರಿನ ಜೇಬಿನಲ್ಲಿ. ವಿನಿ ಬಾಗಿಲು ತಟ್ಟಲಿಲ್ಲ, ಒಳಗೆ ಬಂದಳು. ಮುಚ್ಚಳವನ್ನು ಪತ್ರದ ಮೇಲೇ ಇಟ್ಟಳು.

"ಇದು ಬೂದಿ. ಇವತ್ತು ಹಚ್ಚಿದ್ದು."

"ಆರುನೂರು ಜನಕ್ಕೆ ಹಚ್ಚಿದೀವಿ" ಎಂದ ಎಂಟ್‌ವಿಸಲ್.

"ಹಣೆಗೆ. ಹಣೆ ಮುಟ್ಟಿದ್ರೆ ಬೆರಳಿಗೆ ಒಂಚೂರು ಬೂದು ಹತ್ತತ್ತೆ. ಇಷ್ಟು ದಪ್ಪ ಮಸಿ ಹಚ್ಚಿದೋರ ಹೆಬ್ಬೆರಳಲ್ಲಿ ಮಾತ್ರ ಇರತ್ತೆ. ಈ ಹುಡುಗಿ ಹಣೇಲಿ ಬೂದೀನೇ ಇಲ್ಲ. ನೀವೂ ಫಾದರ್ರೂ ನಿಂಬೆ ಹಾಕಿ ತೊಳ್ಕೊಂಡ್ರಿ, ಪೆಟ್ಟಿಗೆ ಒಡೆಯೋ ಹೊತ್ತಲ್ಲಿ ಪಾರ್ಕಿಂಗ್ ಬಗ್ಗೆ ಹರಟ್ತಾ ಇದ್ರಿ. ಮೂರನೇ ಹೋಳು ಯಾರೂ ಮುಟ್ಟಿಲ್ಲ." ತಿರುಗಿದಳು. "ಸೆಸಿಲಿ, ಕೈ ಹೊರಗೆ ತೆಗಿಯಮ್ಮ."

ಸೆಸಿಲಿ ಕೈ ತೆಗೆದಳು. ಸೋಪು ಹಾಕಿ ಉಜ್ಜಿ ಉಜ್ಜಿ ಹೆಬ್ಬೆರಳು ಕೆಂಪಾಗಿತ್ತು. ಉಗುರಿನ ಸುತ್ತ ಕಪ್ಪು ಹಾಗೇ ಇತ್ತು.

"ಸೋಮವಾರ ಕಿಂಗಾ ಅಳ್ತಾ ಚೀಟಿ ಹಾಕೋದು ನೋಡ್ದೆ" ಎಂದಳು. "ಕೇಳಿದ್ರೆ ಏನಿಲ್ಲ ಅಂದ್ಲು. ಎರಡು ವರ್ಷದ ಹಿಂದೆ ಇಲ್ಲೇ ಓದ್ತಿದ್ದ ಡೆಕ್ಲನ್ನೂ ಏನಿಲ್ಲ ಅಂದಿದ್ದ. ನಾನು ನಂಬಿದೆ. ಆಮೇಲೆ ಅವನ ಹೆಣದ ಹಿಂದೆ ನಡೆದೆ. ಇವತ್ತು ಇವಳು ಪೂಜೇಲಿ ಕಾಣ್ಲಿಲ್ಲ. ತಡಕೊಳ್ಳಕ್ಕಾಗ್ದೆ ಪೆಟ್ಟಿಗೆ ಒಡೆದು ಇವಳ ಅಕ್ಷರ ಹುಡುಕಿದೆ."

"ಓದಿದ್ದಕ್ಕೆ ಬೈಯಲ್ಲ" ಎಂದಳು ವಿನಿ. ದನಿ ಏರಿತು. "ಆದ್ರೆ ಆ ಪತ್ರ ಟೈಪ್ ಆಗೋವಾಗ ನಿನ್ನ ಬಾಯಿಗೇನಾಗಿತ್ತು?"

"ಹೆದರಿಬಿಟ್ಟೆ."

ಸೆಸಿಲಿ ಜೇಬಿನಿಂದ ಮಡಿಸಿದ ಚೀಟಿ ತೆಗೆದು ಕಿಂಗಾಳಿಗೆ ಕೊಟ್ಟಳು. "ತಪ್ಪಾಯ್ತು ಮಗಾ. ಪ್ರಿನ್ಸಿಪಾಲರಿಗೆ ನಾನೇ ಹೋಗಿ ಹೇಳ್ತೀನಿ."

ಕಿಂಗಾಳ ಮುಖ ಕೆಂಪಾಯಿತು. "ನೀವು ಓದಬಾರದಿತ್ತು ಮಿಸ್. ಅದೊಂದು ಜಾಗ ಇತ್ತು ನಂಗೆ."

ಸೆಸಿಲಿ ತಲೆ ತಗ್ಗಿಸಿದಳು.

ಕಿಂಗಾ ಚೀಟಿಯನ್ನು ಹರಿಯಲು ಹೋದಳು. ನಿಂತಳು. ಆಮೇಲೆ ಅದನ್ನು ಬಿಡಿಸಿ ಎಂಟ್‌ವಿಸಲ್‌ನ ಮುಂದೆ ಇಟ್ಟಳು.

"ಒಬ್ರು ಓದಾಯ್ತಲ್ಲ. ನೀವೂ ಓದಿ ಸರ್. ಎಷ್ಟು ನಿಮಿಷ ಲೇಟು ಅಂತ ದಿನಾ ಬರ್ಕೊಂಡ್ರಿ. ಯಾಕೆ ಲೇಟು ಅಂತ ಒಂದಿನಾನೂ ಕೇಳ್ಲಿಲ್ಲ."

ಎಂಟ್‌ವಿಸಲ್ ಕನ್ನಡಕ ಹಾಕಿಕೊಂಡ. ಎರಡೇ ಸಾಲು. "ಅಮ್ಮನಿಗೆ ಸ್ನಾನ ಮಾಡಿಸಿ, ತಿನ್ನಿಸಿ, ಮಂಚದ ಮೇಲೆ ಕೂರಿಸಿ ಬರುವಷ್ಟು ಹೊತ್ತು ಕೊಡು. ಇವರು ನನ್ನನ್ನು ಹೊರಗೆ ಹಾಕದಿರಲಿ."

ಓದಿದ. ಇನ್ನೊಮ್ಮೆ ಓದಿದ. ಮುಚ್ಚಳದ ಕೆಳಗಿನ ಪತ್ರವನ್ನು ಎಳೆದು ನಾಲ್ಕು ಚೂರು ಮಾಡಿದ. ಪೆನ್ನು ತೆಗೆದುಕೊಂಡ.

"ನಿಮ್ಮನೆ ಹತ್ರ ಬಸ್ಸು ಎಷ್ಟೆಷ್ಟು ಹೊತ್ತಿಗಿದೆ?"

"ಏಳೂ ಮುಕ್ಕಾಲಿಗೆ ಒಂದು ಸರ್. ಅದು ಸಿಗಲ್ಲ. ಆಮೇಲೆ ಒಂಬತ್ತಕ್ಕೆ."

"ಸರಿ" ಎಂದ. ವೇಳಾಪಟ್ಟಿಯಲ್ಲಿ ಅವಳ ಮೊದಲ ಪಾಠಕ್ಕೆ ಅಡ್ಡಗೆರೆ ಎಳೆದ. "ಇದನ್ನ ಮಧ್ಯಾಹ್ನಕ್ಕೆ ಹಾಕೋಣ. ಕೂತ್ಕೋಮ್ಮಾ."