ಒಂಟಿ ಮೂಲೆ

"ಮೇಡಂ, ಯಶಸ್ವಿನಿ ಕ್ಯೂಬ್ನ ನಾನು ಮುಟ್ಟಿದ್ದು ಒಂದೇ ಗಳಿಗೆ. ಸಾಯಂಕಾಲ ರಾಜ್ಯಮಟ್ಟದ ಸ್ಪರ್ಧೆಯಿಂದ ನನ್ನ ತೆಗೆದಾಕ್ಬುಡ್ತಾರೆ!" ಪಾಂಡವಪುರದ ಅಕ್ಷಿತಾ ಅಳತೊಡಗಿದಳು.

ಹಿಂದಿನ ದಿನ ಕೆ.ಆರ್. ಪೇಟೆಯಲ್ಲಿ ನಡೆದ, ಕಲಸಿದ ಬಣ್ಣಗಳನ್ನು ತಿರುಗಿಸಿ ಹೊಂದಿಸುವ ರೂಬಿಕ್ಸ್ ಕ್ಯೂಬ್ ಸ್ಪರ್ಧೆಯಲ್ಲಿ ಅವಳು ಗೆದ್ದಿದ್ದಳು. ಗೆಲ್ಲಬೇಕಿದ್ದ ಯಶಸ್ವಿನಿಯ ಕ್ಯೂಬು ಒಂದೇ ಒಂದು ಮೂಲೆ ತಪ್ಪಿ ನಿಂತುಬಿಟ್ಟಿತ್ತು. ಅಕ್ಷಿತಾಳೇ ಕೆಡಿಸಿದ್ದೆಂದು ಗುಲ್ಲೆದ್ದಿತ್ತು.

ಶ್ರೀರಂಗಪಟ್ಟಣದಲ್ಲಿ ಏನು ಎಡವಟ್ಟಾದರೂ ಜನ ತಟ್ಟುತ್ತಿದ್ದದ್ದು ನಿವೃತ್ತ ಗಣಿತದ ಮೇಡಂ ಪಾರ್ವತಮ್ಮನ ಬಾಗಿಲನ್ನೇ. ಆಕೆಯ ಶಾಲೆಯಲ್ಲೇ ಅದೇ ಗಣಿತ ಕಲಿಸಿದ ಶಿವಶಂಕರ್ ಮೇಷ್ಟರನ್ನು ಕೇಳುವವರೇ ಇರಲಿಲ್ಲ. ಹೊಟ್ಟೆ ಉರಿದರೂ ಆಕೆಯ ಮನೆ ಕಾಫಿ ಬಿಡಲಾಗದೆ ಅವರು ದಿನವೂ ಬಂದು ಕೂರುತ್ತಿದ್ದರು.

ಮಧ್ಯಾಹ್ನಕ್ಕೆ ಪಾರ್ವತಮ್ಮ ಎಲ್ಲರನ್ನೂ ಕರೆಸಿದರು. ಅಕ್ಕಸಾಲಿ ಮೌನೇಶಾಚಾರ್ರು ಬಂದವರೇ ಮಗಳು ಯಶಸ್ವಿನಿಯ ಗುಣಗಾನ ಶುರುಮಾಡಿದರು. ಅವರ ಜೊತೆ ಅಂಗಡಿಯಲ್ಲಿ ದುಡಿಯುವ ಮಗ ಯೋಗೇಶ್ ಮೇಜಿನ ಮೇಲೆ ಉದುರಿದ ಕೋಡುಬಳೆ ಪುಡಿಯನ್ನು ಗುಡ್ಡೆಮಾಡಿ ಅಂಗೈಗೆ ಎಳೆದುಕೊಳ್ಳುತ್ತಿದ್ದ.

"ಕ್ಯೂಬು ಯಾವಾಗ ಕಲಸಿಟ್ಟೆ ಮಗಾ?" ಎಂದರು ಪಾರ್ವತಮ್ಮ.

"ಮುಂಚಿನ ರಾತ್ರಿನೇ ಮೇಡಂ. ಬೆಳಿಗ್ಗೆ ಅಂಗೇ ಕೊಟ್ಟೆ. ಕೊಂಡು ಎರಡು ವರ್ಷ ಆಯ್ತು, ಬಿಚ್ಚೇ ಇಲ್ಲ," ಎಂದಳು ಯಶಸ್ವಿನಿ.

ಶಿವಶಂಕರ್ ಮುಂದೆ ಬಿದ್ದರು. "ಕ್ಯೂಬಿಗೆ ಕೋಟಿ ಕೋಟಿ ರೂಪ ಅವೆ. ಬಿಡಿಸೋಕಾಗದ್ದು ಯಾವ್ದೋ ಬಂದಿರ್ಬೇಕು."

"ತಿರುಗಿಸಿ ಬಂದ ರೂಪ ಎಷ್ಟು ಕೋಟಿ ಇದ್ರೂ ಹೋದ ದಾರೀಲೇ ವಾಪಸ್ ಬರ್ಬೋದು ಮೇಷ್ಟ್ರೇ. ಆದ್ರೆ ಬರೀ ತಿರುಗಿಸಿ ಒಂದೇ ಮೂಲೆನ ಒಂಟಿಯಾಗಿ ಹೊರಳಿಸೋಕಾಗಲ್ಲ. ಇನ್ನೊಂದಾದ್ರೂ ಜೊತೆಗೆ ಹೊರಳ್ಬೇಕು. ಬಿಚ್ಚಿ ಮನಸ್ಸಿಗೆ ಬಂದಂಗೆ ಜೋಡಿಸಿದ್ರೆ ಹನ್ನೆರಡರಲ್ಲಿ ಒಂದು ಪಾಲು ಮಾತ್ರ ಸರಿಹೋಗೋದು. ಇದನ್ನ ಯಾರೋ ಬಿಚ್ಚವ್ರೆ."

ಪಾರ್ವತಮ್ಮ ಕತ್ತರಿ ಮೊನೆಯಿಂದ ಕ್ಯೂಬಿನ ಆ ತಪ್ಪಿದ ಮೂಲೆಯನ್ನು ಎಬ್ಬಿಸಿದರು. ಒಳಗೆ ಚೂರೂ ಧೂಳಿರಲಿಲ್ಲ.

"ಎರಡು ವರ್ಷದ ಧೂಳು ಎಲ್ಲೋಯ್ತು? ಸಂದುಗೊಂದೆಲ್ಲ ಬ್ರಷ್ಷಲ್ಲಿ ಗುಡಿಸವ್ರೆ. ಒಂದು ಗಳಿಗೇಲಿ ಆಗೋ ಕೆಲಸ ಅಲ್ಲ, ಮನೇಲಿ ಕೂತು ಮಾಡಿದ್ದು. ಕೆಡಿಸೋಕೆ ಕೂತೋರು ಗುಡಿಸ್ತಾರಾ? ಕೈಗೆ ಅಭ್ಯಾಸ ಇದ್ರೆ ಗುಡಿಸ್ತಾರೆ. ಆಚಾರ್ರೇ, ನಿಮ್ಮ ಅಂಗಡೀಲಿ ಒಡವೆ ಬಿಚ್ಚಿದ್ರೆ?"

"ಗುಡಿಸ್ದೆ ಮುಚ್ಚಂಗಿಲ್ಲ. ಧೂಳಲ್ಲೂ ಚಿನ್ನ ಇರ್ತದೆ..." ಮೌನೇಶಾಚಾರ್ರ ಕಣ್ಣು ಮಗನ ಅಂಗೈ ಮೇಲೆ ಬಿತ್ತು.

ಯೋಗೇಶ್ ಅಂಗೈ ಮುಚ್ಚಿದ. ಕೋಡುಬಳೆ ಪುಡಿ ಇನ್ನೂ ಅದರಲ್ಲೇ ಇತ್ತು. "ಊಂ, ನಾನೇ. ಯಾವಾಗ್ಲೂ ಅವಳ ಜಪನೇ ಅಲ್ವಾ ಅಪ್ಪ? ನಾ ಮಾಡಿದ ಓಲೆನ ಒಂದ್ಸಲನಾದ್ರೂ ಎತ್ತಿ ನೋಡಿದ್ರಾ?"

ಶಿವಶಂಕರ್ ಕಾಫಿ ಲೋಟ ಕೆಳಗಿಟ್ಟರು. ಆ ಉರಿ ಎಂಥದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಪಾರ್ವತಮ್ಮ ಕೆ.ಆರ್. ಪೇಟೆಗೆ ಫೋನು ಮಾಡಿ ನಡೆದದ್ದನ್ನು ಹೇಳಿದರು. ಅಕ್ಷಿತಾಳ ಹೆಸರು ಉಳಿಯಿತು. ಯಶಸ್ವಿನಿ ಆ ಮೂಲೆಯನ್ನು ಸರಿಯಾಗಿ ಕೂರಿಸಿ, ಕ್ಯೂಬನ್ನು ಕಲಸಿ, ಅಲ್ಲೇ ಬಿಡಿಸಿದಳು.

"ಅಣ್ಣ, ಇದು ಯಾವತ್ತೂ ಇಷ್ಟು ನುಣ್ಣಗೆ ತಿರುಗಿರ್ಲಿಲ್ಲ ಕಣೋ."

ಮೌನೇಶಾಚಾರ್ರು ಅದನ್ನು ಇಸಿದುಕೊಂಡು, ಕಿವಿ ಹತ್ತಿರ ಹಿಡಿದು ತಿರುಗಿಸಿ, ಮಗನ ಮುಖ ನೋಡಿದರು.

"ಶುದ್ಧವಾದ ಕೆಲಸ ಕಣ್ಲಾ."

ಇಷ್ಟು ವರ್ಷ ಕಾದಿದ್ದ ಮಾತು ಈ ಕೆಲಸಕ್ಕೇ ಬರಬೇಕೆ! ಯೋಗೇಶ್ ಬಿಕ್ಕಿ ಬಿಕ್ಕಿ ಅತ್ತ.